ಕಡ್ಡಾಯ ಯಾರಿಗೆ, ಖರ್ಚು ಯಾರದು: ಶಾಲೆಗಳನ್ನು ರೂಪಿಸುವ ಕಾನೂನುಗಳು

ಅಮೆರಿಕದ ಸಂವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಶಿಕ್ಷಣ ಎಂಬ ಪದ ಸಿಗುವುದಿಲ್ಲ. ನಮ್ಮ ಸಂವಿಧಾನದಲ್ಲಿ ಅದು ಮೊದಲ ದಿನದಿಂದಲೇ ಇದೆ. ಹತ್ತು ವರ್ಷಗಳೊಳಗೆ, ಹದಿನಾಲ್ಕು ತುಂಬುವ ತನಕ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ಸರ್ಕಾರ ಪ್ರಯತ್ನಿಸಬೇಕು ಎಂದು 45ನೇ ವಿಧಿ ಹೇಳಿತ್ತು. ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಗಡುವು ಹಾಕಿಕೊಂಡಿದ್ದು ಅದೊಂದೇ. ಆದರೆ ಪದವೇ ಇಲ್ಲದ ಅಮೆರಿಕದಲ್ಲಿ 1918ರ ಹೊತ್ತಿಗೆ ಪ್ರತಿ ರಾಜ್ಯವೂ ಕಡ್ಡಾಯ ಶಾಲಾ ಹಾಜರಾತಿಯ ಕಾಯ್ದೆ ಮಾಡಿಕೊಂಡಿತ್ತು. ಪದವೂ ಗಡುವೂ ಇದ್ದ ನಮ್ಮಲ್ಲಿ 1960 ಬಂದು ಹೋಯಿತು, ಕೋಟಿಗಟ್ಟಲೆ ಮಕ್ಕಳು ಶಾಲೆಯ ಹೊರಗೇ ಉಳಿದರು. ಮಾತು ತಪ್ಪಿದ್ದಕ್ಕೆ ಯಾರನ್ನೂ ಕೋರ್ಟಿಗೆ ಎಳೆಯುವಂತಿರಲಿಲ್ಲ. ನಿರ್ದೇಶಕ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ ಎಂದು ಅದೇ ಸಂವಿಧಾನದ 37ನೇ ವಿಧಿ ಹೇಳುತ್ತದೆ.

ಹಾಗಾಗಿ ಯಾವುದೇ ದೇಶದ ಶಿಕ್ಷಣದ ಕಾನೂನು ಕೈಗೆ ಬಂದಾಗ ‘ಎಲ್ಲರಿಗೂ ಹಕ್ಕಿದೆ’ ಎಂಬ ಸಾಲಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆ ಸಾಲು ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಹುಡುಕಬೇಕಾದ್ದು ಹೊಣೆಯ ಸಾಲನ್ನು. ಮಗು ಶಾಲೆಗೆ ಬರದಿದ್ದರೆ ತಪ್ಪು ಯಾರದು? ಶಾಲೆಯ ಖರ್ಚು ಯಾವ ಖಜಾನೆಯಿಂದ ಬರುತ್ತದೆ? ಬಾಗಿಲು ಯಾರಿಗೆ ತೆರೆಯಬೇಕು, ಯಾವ ಭಾಷೆಯಲ್ಲಿ ಪಾಠ ಮಾಡಬೇಕು ಎಂದು ತೀರ್ಮಾನಿಸುವವರು ಯಾರು? ದೇಶದಿಂದ ದೇಶಕ್ಕೆ ಶಾಲೆಗಳು ಅಷ್ಟೊಂದು ಬೇರೆಯಾಗಿ ಕಾಣುವುದಕ್ಕೆ ಬಹುಪಾಲು ಕಾರಣ ಈ ಒಣ ಪ್ರಶ್ನೆಗಳಿಗೆ ಕಾನೂನು ಕೊಟ್ಟ ಉತ್ತರಗಳಲ್ಲೇ ಇದೆ.

ಕಡ್ಡಾಯ ಎಂದರೆ ಯಾರಿಗೆ?

ಜರ್ಮನಿಯಲ್ಲಿ ಕಡ್ಡಾಯ ಇರುವುದು ಮಗುವಿಗೆ ಮತ್ತು ಪೋಷಕರಿಗೆ. ಪ್ರಶ್ಯದ ದೊರೆಗಳು 1717ರಲ್ಲೂ 1763ರಲ್ಲೂ ಹೊರಡಿಸಿದ ಆಜ್ಞೆಗಳಿಂದ ಶುರುವಾದ ಈ ಪದ್ಧತಿ 1919ರ ವೈಮರ್ ಸಂವಿಧಾನದ ಮೂಲಕ ಗಟ್ಟಿಯಾಯಿತು. ಅಲ್ಲಿ ಮಗು ಕಲಿತರೆ ಸಾಲದು, ಶಾಲೆಯಲ್ಲೇ ಕಲಿಯಬೇಕು. ಮನೆಯಲ್ಲೇ ಪಾಠ ಹೇಳುತ್ತೇವೆ ಎಂದು ಹಟ ಹಿಡಿದ ತಂದೆತಾಯಂದಿರಿಗೆ ದಂಡ ಬಿದ್ದಿದೆ. ಹೆಸ್ಸೆ ರಾಜ್ಯದಲ್ಲಿ 2013ರಲ್ಲಿ ಒಂದು ಕುಟುಂಬದ ಮಕ್ಕಳನ್ನು ಅಧಿಕಾರಿಗಳು ಕೆಲವು ವಾರಗಳ ಕಾಲ ಮನೆಯಿಂದ ಬೇರೆ ಇರಿಸಿದರು. ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿತು. 2019ರಲ್ಲಿ ತೀರ್ಪು ಜರ್ಮನಿಯ ಪರವಾಗಿ ಬಂತು. ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಬೆಳೆಯದಿದ್ದರೆ ಸಮಾಜ ಒಡೆದ ತುಂಡುಗಳಾಗುತ್ತದೆ ಎಂಬುದು ಅಲ್ಲಿನ ನ್ಯಾಯಾಲಯಗಳು ಮತ್ತೆ ಮತ್ತೆ ಕೊಡುವ ಕಾರಣ. ಮ್ಯೂನಿಕ್ ಕಡೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರಿಗೂ ಈ ಬಿಗಿ ಬೇಗ ಅರ್ಥವಾಗುತ್ತದೆ. ಊರಲ್ಲಿ ಮದುವೆ ಇದೆ ಎಂದು ರಜೆಗೆ ನಾಲ್ಕು ದಿನ ಮೊದಲೇ ಮಗುವನ್ನು ಕರೆದುಕೊಂಡು ಹೊರಡಬೇಕಾದರೆ ಶಾಲೆಯ ಅನುಮತಿ ಬೇಕು. 2018ರಲ್ಲಿ ಬವೇರಿಯಾದ ಮೆಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ರಜೆಗೆ ಮುನ್ನವೇ ಮಕ್ಕಳ ಜೊತೆ ಹೊರಟಿದ್ದ ಕುಟುಂಬಗಳನ್ನು ತಡೆದು ವಿಚಾರಿಸಿದ್ದು ದೊಡ್ಡ ಸುದ್ದಿಯಾಗಿತ್ತು.

ಇಂಗ್ಲೆಂಡಿನ ಕಾಯ್ದೆಯೂ ಹೊಣೆಯನ್ನು ಪೋಷಕರ ಮೇಲೆಯೇ ಹಾಕುತ್ತದೆ. ಆದರೆ ಮಗುವಿಗೆ ತಕ್ಕ ಶಿಕ್ಷಣವನ್ನು ‘ಶಾಲೆಗೆ ಕಳಿಸಿ ಅಥವಾ ಬೇರೆ ರೀತಿಯಲ್ಲಿ’ ಕೊಡಿಸಬಹುದು ಎಂಬ ಒಂದು ಸಣ್ಣ ಅವಕಾಶ ಅದರಲ್ಲಿದೆ. 1944ರ ಕಾಯ್ದೆಯಲ್ಲಿದ್ದ ಆ ಅವಕಾಶ 1996ರ ಕಾಯ್ದೆಯ 7ನೇ ಸೆಕ್ಷನ್ನಿನಲ್ಲೂ ಉಳಿದಿದೆ. ಇಂಗ್ಲೆಂಡಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಕಲಿಸುವ ದೊಡ್ಡ ಸಮುದಾಯ ನಿಂತಿರುವುದು ಆ ನಾಲ್ಕು ಮಾತುಗಳ ಮೇಲೆ. ಫ್ರಾನ್ಸ್‌ನಲ್ಲಿ 1882ರ ಜೂಲ್ ಫೆರಿ ಕಾಯ್ದೆಯಿಂದ ಇದ್ದ ಇಂಥದೇ ಅವಕಾಶವನ್ನು 2021ರ ಕಾಯ್ದೆ ಬಹಳ ಕಿರಿದು ಮಾಡಿತು. ಈಗ ಅಲ್ಲಿ ಮೊದಲೇ ಅನುಮತಿ ಪಡೆಯಬೇಕು.

ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಡಿದಿದ್ದು ಬೇರೆಯೇ ದಾರಿ. ಅದರ 8ನೇ ಸೆಕ್ಷನ್ನಿನಲ್ಲಿ ‘ಕಡ್ಡಾಯ ಶಿಕ್ಷಣ’ ಎಂದರೇನು ಎಂಬುದಕ್ಕೆ ವಿವರಣೆ ಕೊಟ್ಟಿದ್ದಾರೆ: ಶಿಕ್ಷಣ ಒದಗಿಸುವುದು, ಮಗು ದಾಖಲಾಗುವಂತೆ, ಹಾಜರಾಗುವಂತೆ, ಎಂಟನೇ ತರಗತಿ ಮುಗಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಮಗುವನ್ನು ಸೇರಿಸಬೇಕು ಎಂದು 10ನೇ ಸೆಕ್ಷನ್ ಪೋಷಕರಿಗೂ ಹೇಳುತ್ತದೆ, ಆದರೆ ಶಿಕ್ಷೆ ಇಲ್ಲ. ಇದು ಬಹಳ ಯೋಚಿಸಿ ಮಾಡಿದ ಆಯ್ಕೆ ಎಂದು ನನಗನಿಸುತ್ತದೆ. ಕಬ್ಬು ಕಡಿಯಲು ಊರು ಬಿಟ್ಟು ಹೋಗುವ, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ಶೆಡ್ ಹಾಕಿಕೊಂಡು ಬದುಕುವ ಕುಟುಂಬಕ್ಕೆ ದಂಡ ಹಾಕಿದರೆ ಮಗು ಶಾಲೆಗೆ ಬರುವುದಿಲ್ಲ. ಆ ಕುಟುಂಬ ಇನ್ನಷ್ಟು ದೂರ ಸರಿಯುತ್ತದೆ.

ಹೊಣೆ ಸರ್ಕಾರದ ಮೇಲೆ ಬಿದ್ದರೆ ಏನು ಬದಲಾಗುತ್ತದೆ ಎಂಬುದು 2013ರಲ್ಲಿ ನಮ್ಮ ಹೈಕೋರ್ಟಿನಲ್ಲೇ ಕಂಡಿತು. ರಾಜ್ಯದಲ್ಲಿ ಹತ್ತಾರು ಸಾವಿರ ಮಕ್ಕಳು ಶಾಲೆಯ ಹೊರಗಿದ್ದಾರೆ ಎಂಬ ಪತ್ರಿಕಾ ವರದಿಯನ್ನೇ ಅರ್ಜಿ ಎಂದು ಪರಿಗಣಿಸಿ ನ್ಯಾಯಾಲಯ ತಾನಾಗಿ ವಿಚಾರಣೆ ಶುರು ಮಾಡಿತು. ಅದಕ್ಕೂ ಮೊದಲು ಅರವತ್ತು ದಿನ ಸತತ ಬಾರದಿದ್ದರೆ ಮಾತ್ರ ಆ ಮಗುವನ್ನು ‘ಶಾಲೆಯಿಂದ ಹೊರಗುಳಿದ ಮಗು’ ಎಂದು ಲೆಕ್ಕ ಹಿಡಿಯಲಾಗುತ್ತಿತ್ತು. ವಿಚಾರಣೆಯ ನಂತರ ಅದು ಏಳು ದಿನಕ್ಕೆ ಇಳಿಯಿತು. ಅರವತ್ತು ದಿನ ಕಾದರೆ ಮಗು ಯಾವುದೋ ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ಕೆಲಸಕ್ಕೆ ಒಗ್ಗಿಹೋಗಿರುತ್ತದೆ. ಏಳನೇ ದಿನ ಮೇಷ್ಟ್ರು ಮನೆ ಬಾಗಿಲಿಗೆ ಹೋದರೆ ವಾಪಸ್ ಕರೆತರುವ ಆಸೆ ಇನ್ನೂ ಇರುತ್ತದೆ.

ಇಲ್ಲಿಗೆ ಬರಲು ನಮಗೆ ಒಂದು ಶತಮಾನ ಹಿಡಿಯಿತು. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಸಾಮ್ರಾಜ್ಯ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಎಲ್ಲೆಡೆ ಒಮ್ಮೆಲೇ ಕಡ್ಡಾಯ ಮಾಡಿ ಎಂದೂ ಅವರು ಕೇಳಿರಲಿಲ್ಲ, ಸಿದ್ಧವಿರುವ ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ಕೊಡಿ ಎಂದಷ್ಟೇ ಕೇಳಿದ್ದರು. ಮರುವರ್ಷ ಮಸೂದೆ ಬಿದ್ದುಹೋಯಿತು. ಬ್ರಿಟಿಷರು ಬೇಡ ಎಂದದ್ದನ್ನು ಸಂಸ್ಥಾನಗಳು ಮಾಡಿ ತೋರಿಸಿದವು. ಬರೋಡದ ಸಯಾಜಿರಾವ್ ಗಾಯಕವಾಡರು 1906ರಲ್ಲೇ ಇಡೀ ಸಂಸ್ಥಾನಕ್ಕೆ ಕಡ್ಡಾಯ ಶಿಕ್ಷಣ ತಂದಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯಗೊಳಿಸುವ ಕಾನೂನು ಜಾರಿಗೆ ತಂದಿತು.

ದುಡ್ಡಿನ ಪ್ರಶ್ನೆ

ಕಡ್ಡಾಯದ ಪ್ರಶ್ನೆಗಿಂತ ಆಳವಾಗಿ ಶಾಲೆಗಳನ್ನು ರೂಪಿಸುವುದು ಖರ್ಚಿನ ಕಾನೂನು. ಇದನ್ನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಅಮೆರಿಕದಲ್ಲಿ ಶಾಲೆ ರಾಜ್ಯಗಳ ವಿಷಯ. ಹೆಚ್ಚಿನ ರಾಜ್ಯಗಳು ಖರ್ಚಿನ ದೊಡ್ಡ ಪಾಲನ್ನು ಊರು, ಬಡಾವಣೆಗಳ ಮಟ್ಟದ ಶಾಲಾ ಜಿಲ್ಲೆಗಳಿಗೆ ಬಿಟ್ಟಿದ್ದವು. ಆ ಜಿಲ್ಲೆಗಳು ಮನೆ ಮತ್ತು ಜಮೀನಿನ ತೆರಿಗೆಯಿಂದ ಹಣ ಎತ್ತುತ್ತವೆ. ಸ್ಯಾನ್ ಆಂಟೋನಿಯೊದಲ್ಲಿ ಎಜ್‌ವುಡ್ ಎಂಬ ಜಿಲ್ಲೆ ಇತ್ತು, ಬಹುತೇಕ ಮೆಕ್ಸಿಕನ್ ಮೂಲದ ಬಡವರದು. ಅದೇ ನಗರದಲ್ಲಿ ಅಲಾಮೊ ಹೈಟ್ಸ್ ಎಂಬ ಸಿರಿವಂತರ ಜಿಲ್ಲೆಯೂ ಇತ್ತು. 1967-68ರ ಲೆಕ್ಕದಲ್ಲಿ ಎಜ್‌ವುಡ್‌ನ ಆಸ್ತಿಯ ಮೌಲ್ಯ ಪ್ರತಿ ವಿದ್ಯಾರ್ಥಿಗೆ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 49,000 ಡಾಲರಿಗೂ ಹೆಚ್ಚು. ಎಜ್‌ವುಡ್‌ನ ಜನ ತಮ್ಮ ಮೇಲೆ ತಾವೇ ಹೆಚ್ಚಿನ ದರದ ತೆರಿಗೆ ಹಾಕಿಕೊಂಡಿದ್ದರು: ನೂರು ಡಾಲರ್ ಆಸ್ತಿಗೆ 1.05 ಡಾಲರ್. ಅಲಾಮೊ ಹೈಟ್ಸ್‌ನವರು ಕಟ್ಟುತ್ತಿದ್ದುದು 0.85 ಡಾಲರ್. ರಾಜ್ಯದ್ದು, ಕೇಂದ್ರದ್ದು ಎಲ್ಲ ಸೇರಿಸಿದ ಮೇಲೂ ಎಜ್‌ವುಡ್‌ನ ಮಗುವಿಗೆ ಸಿಗುತ್ತಿದ್ದುದು 356 ಡಾಲರ್, ಅಲಾಮೊ ಹೈಟ್ಸ್‌ನ ಮಗುವಿಗೆ 594. ಹೆಚ್ಚು ತೆರಿಗೆ ಕಟ್ಟಿದವರ ಮಕ್ಕಳಿಗೇ ಕಡಿಮೆ ಹಣ. ಇದರಲ್ಲಿ ಯಾವ ಅಧಿಕಾರಿಯ ಭ್ರಷ್ಟಾಚಾರವೂ ಇರಲಿಲ್ಲ. ಕಾನೂನು ಬರೆದಂತೆಯೇ ನಡೆದಿತ್ತು.

1968ರ ಮೇ ತಿಂಗಳಲ್ಲಿ ಎಜ್‌ವುಡ್ ಹೈಸ್ಕೂಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಪೋಷಕರು ಮೊಕದ್ದಮೆ ಹೂಡಿದರು. ಅದು ರೊಡ್ರಿಗೆಸ್ ಪ್ರಕರಣ ಎಂದು ಹೆಸರಾಗಿ ಅಮೆರಿಕದ ಸುಪ್ರೀಂ ಕೋರ್ಟ್ ತಲುಪಿತು. 1973ರ ಮಾರ್ಚ್‌ನಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಐವರ ಅಭಿಪ್ರಾಯ: ಶಿಕ್ಷಣ ಸಂವಿಧಾನ ಖಾತರಿಪಡಿಸಿದ ಮೂಲಭೂತ ಹಕ್ಕಲ್ಲ, ಆದ್ದರಿಂದ ಈ ತೆರಿಗೆ ಪದ್ಧತಿಯನ್ನು ರದ್ದು ಮಾಡಲು ಆಗದು. ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಡುವುದು ತಪ್ಪೆಂದು 1954ರ ಬ್ರೌನ್ ಪ್ರಕರಣದಲ್ಲಿ ಹೇಳಿದ್ದ ಅದೇ ನ್ಯಾಯಾಲಯ ಇದು. ಬ್ರೌನ್ ಪ್ರಕರಣದಲ್ಲಿ ಮಕ್ಕಳ ಪರ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ನ್ಯಾಯಮೂರ್ತಿಯಾಗಿ ಅದೇ ಪೀಠದಲ್ಲಿದ್ದರು. ಅವರು ದೀರ್ಘವಾದ ಭಿನ್ನಮತದ ತೀರ್ಪು ಬರೆದರು.

ಸಂವಿಧಾನದಲ್ಲಿ ಪದ ಇಲ್ಲದ್ದರ ಬೆಲೆ ಇಲ್ಲಿ ಕಾಣುತ್ತದೆ. ಎಜ್‌ವುಡ್‌ನವರು ಆಮೇಲೆ ಬೇರೆ ಬಾಗಿಲು ತಟ್ಟಿದರು. ಟೆಕ್ಸಾಸ್ ರಾಜ್ಯಕ್ಕೆ ತನ್ನದೇ ಸಂವಿಧಾನ ಇದೆ. ಉಚಿತ ಸಾರ್ವಜನಿಕ ಶಾಲೆಗಳ ದಕ್ಷ ವ್ಯವಸ್ಥೆಯನ್ನು ನಡೆಸುವುದು ಶಾಸನ ಸಭೆಯ ಕರ್ತವ್ಯ ಎಂದು ಅದರಲ್ಲಿ ಬರೆದಿದೆ. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಅತಿ ಸಿರಿವಂತ ಜಿಲ್ಲೆಗೂ ಅತಿ ಬಡ ಜಿಲ್ಲೆಗೂ ನಡುವೆ ತಲಾ ಆಸ್ತಿಯ ಅಂತರ 700 ಪಟ್ಟು ಇರುವಾಗ ಇದನ್ನು ದಕ್ಷ ಎನ್ನಲಾಗದು. 1993ರಲ್ಲಿ ಸಿರಿವಂತ ಜಿಲ್ಲೆಗಳ ಹೆಚ್ಚುವರಿ ತೆರಿಗೆಯನ್ನು ಬಡ ಜಿಲ್ಲೆಗಳಿಗೆ ಹಂಚುವ ಕಾಯ್ದೆ ಬಂತು. ಟೆಕ್ಸಾಸ್‌ನಲ್ಲಿ ಅದನ್ನು ರಾಬಿನ್ ಹುಡ್ ಕಾಯ್ದೆ ಎಂದೇ ಕರೆಯುತ್ತಾರೆ, ಇಂದಿಗೂ ಅದರ ಮೇಲೆ ಜಗಳ ನಿಂತಿಲ್ಲ. ವಾಷಿಂಗ್ಟನ್ನಿನ ಸಂವಿಧಾನದಲ್ಲಿ ಸಿಗದ ಹೊಣೆಯ ಸಾಲು ಟೆಕ್ಸಾಸ್‌ನ ರಾಜಧಾನಿ ಆಸ್ಟಿನ್ನಿನ ಸಂವಿಧಾನದಲ್ಲಿ ಸಿಕ್ಕಿತ್ತು, ಅಷ್ಟೇ. ಅಮೆರಿಕದಲ್ಲಿ ಮನೆ ಕೊಳ್ಳುವ ಭಾರತೀಯರು ಮೊದಲು ‘ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ’ ಎಂದು ಕೇಳುವುದರ ಹಿಂದೆ ಇರುವುದೂ ಈ ತೆರಿಗೆಯ ಕಾನೂನೇ.

ಬ್ರೆಜಿಲ್ ಈ ಸಮಸ್ಯೆಯನ್ನು ಸಂವಿಧಾನದಲ್ಲೇ ಅಂಕಿ ಬರೆದು ಎದುರಿಸಿತು. ಕೇಂದ್ರ ತನ್ನ ತೆರಿಗೆಯ ಆದಾಯದಲ್ಲಿ ಕನಿಷ್ಠ 18%, ರಾಜ್ಯಗಳು ಮತ್ತು ನಗರಸಭೆಗಳು 25% ಶಿಕ್ಷಣಕ್ಕೆ ಖರ್ಚು ಮಾಡಲೇಬೇಕು ಎಂದು 1988ರ ಸಂವಿಧಾನದ 212ನೇ ವಿಧಿ ಹೇಳುತ್ತದೆ. 1996ರ ತಿದ್ದುಪಡಿ ಆ ಹಣದ ಒಂದು ಪಾಲನ್ನು ರಾಜ್ಯ ಮಟ್ಟದಲ್ಲಿ ಒಟ್ಟುಗೂಡಿಸಿ, ದಾಖಲಾದ ಮಕ್ಕಳ ಸಂಖ್ಯೆಗೆ ತಕ್ಕಂತೆ ಹಂಚುವ ನಿಧಿ ಮಾಡಿತು. 2020ರಲ್ಲಿ ಆ ವ್ಯವಸ್ಥೆಯನ್ನು ಕಾಯಂ ಮಾಡಿದರು. ನಮ್ಮಲ್ಲಿ ರಾಷ್ಟ್ರೀಯ ಆದಾಯದ 6% ಶಿಕ್ಷಣಕ್ಕೆ ಎಂಬ ಮಾತು 1966ರ ಕೊಠಾರಿ ಆಯೋಗದಿಂದ 2020ರ ಶಿಕ್ಷಣ ನೀತಿಯ ತನಕ ಕೇಳಿಬರುತ್ತಲೇ ಇದೆ. ಅದು ನೀತಿ, ಕಾನೂನಲ್ಲ. ಆಗದಿದ್ದರೆ ಹಣಕಾಸು ಸಚಿವರನ್ನು ಕೇಳುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ.

ಫಿನ್‌ಲೆಂಡ್ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಹೊಗಳಿಕೆ ಹರಿದಾಡುತ್ತದೆ: ಹೋಂವರ್ಕ್ ಕಡಿಮೆ, ಪರೀಕ್ಷೆ ಕಡಿಮೆ, ಮೇಷ್ಟ್ರಿಗೆ ಗೌರವ ಹೆಚ್ಚು ಎಂದೆಲ್ಲ. ಅದರ ಕೆಳಗಿರುವ ಕಾನೂನನ್ನು ಹೇಳುವವರು ಕಡಿಮೆ. 1960ರ ದಶಕದ ತನಕ ಅಲ್ಲಿಯೂ ಮಕ್ಕಳನ್ನು ಹತ್ತು ಹನ್ನೊಂದನೇ ವಯಸ್ಸಿಗೇ ಎರಡು ದಾರಿಗಳಿಗೆ ಬೇರ್ಪಡಿಸುತ್ತಿದ್ದರು. ಒಂದು ವಿಶ್ವವಿದ್ಯಾಲಯದ ಕಡೆಗೆ, ಇನ್ನೊಂದು ದುಡಿಮೆಯ ಕಡೆಗೆ. 1968ರ ಕಾಯ್ದೆ ಎರಡನ್ನೂ ಸೇರಿಸಿ ಒಂಬತ್ತು ವರ್ಷದ ಒಂದೇ ಶಾಲೆ ಮಾಡಿತು. 1972ರಲ್ಲಿ ಉತ್ತರದ ಲ್ಯಾಪ್‌ಲೆಂಡ್‌ನಲ್ಲಿ ಆರಂಭವಾದ ಬದಲಾವಣೆ 1977ರಲ್ಲಿ ದಕ್ಷಿಣದ ಹೆಲ್ಸಿಂಕಿ ತಲುಪಿತು. ಬಡ, ದೂರದ ಪ್ರದೇಶಗಳಿಂದ ಶುರು ಮಾಡಿ ರಾಜಧಾನಿಯಲ್ಲಿ ಮುಗಿಸಿದ್ದು ಗಮನಿಸುವಂಥದ್ದು. ಈಗಿರುವ 1998ರ ಕಾಯ್ದೆಯ ಪ್ರಕಾರ ಪಾಠ, ಪುಸ್ತಕ, ಮಧ್ಯಾಹ್ನದ ಊಟ ಎಲ್ಲ ಉಚಿತ. ಮಗುವಿಗೆ ಮನೆಯ ಹತ್ತಿರದ ಶಾಲೆಯಲ್ಲಿ ಜಾಗ ಕೊಡಿಸುವುದು ನಗರಸಭೆಯ ಹೊಣೆ. ಖಾಸಗಿಯವರು ಶಾಲೆ ನಡೆಸಬಹುದು, ಲಾಭಕ್ಕಾಗಿ ನಡೆಸುವಂತಿಲ್ಲ. ಶ್ರೀಮಂತರ ಮಗುವೂ ಅದೇ ಶಾಲೆಗೆ ಹೋಗುವುದರಿಂದ ಶಾಲೆ ಹಾಳಾದರೆ ಕೇಳುವವರು ಇರುತ್ತಾರೆ. ಜರ್ಮನಿಯ ಮೂಲ ಕಾನೂನಿನ, ಅಂದರೆ ಅಲ್ಲಿನ ಸಂವಿಧಾನದ, 7ನೇ ವಿಧಿಯಲ್ಲೂ ಇದಕ್ಕೆ ಹತ್ತಿರದ ಮಾತಿದೆ: ಪೋಷಕರ ಆದಾಯದ ಮೇಲೆ ಮಕ್ಕಳನ್ನು ವಿಂಗಡಿಸುವಂತಿದ್ದರೆ ಖಾಸಗಿ ಶಾಲೆಗೆ ಅನುಮತಿ ಕೊಡಬಾರದು.

ಊಟದ ವಿಷಯ ಬಂದಿದ್ದರಿಂದ ಒಂದು ಮಾತು. ಫಿನ್‌ಲೆಂಡ್ ಯುದ್ಧದ ನಡುವೆಯೇ, 1943ರಲ್ಲಿ, ಉಚಿತ ಶಾಲಾ ಊಟದ ಕಾಯ್ದೆ ಮಾಡಿ 1948ರಿಂದ ಪೂರ್ಣವಾಗಿ ಜಾರಿಗೆ ತಂದಿತು. ನಮ್ಮ ಬಿಸಿಯೂಟಕ್ಕೆ ದೇಶವ್ಯಾಪಿ ಬಲ ಬಂದಿದ್ದು 2001ರ ನವೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದಿಂದ. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ನ್ಯಾಯಾಲಯ ರಾಜ್ಯಗಳಿಗೆ ಹೇಳಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದೆಡೆಗೆ ಹಬ್ಬಿತು. 2013ರ ಆಹಾರ ಭದ್ರತಾ ಕಾಯ್ದೆಯಿಂದ ಅದು ಶಾಸನದ ಹಕ್ಕೂ ಆಯಿತು. ಒಂದು ಆದೇಶ ಇಷ್ಟು ಮಕ್ಕಳ ಹೊಟ್ಟೆ ತುಂಬಿಸಿದ ಉದಾಹರಣೆ ಪ್ರಪಂಚದಲ್ಲಿ ಹೆಚ್ಚಿಲ್ಲ ಎಂದು ನಾನು ನಂಬುತ್ತೇನೆ.

‘ಕರ್ನಾಟಕ ವಿರುದ್ಧ’ ಬಂದ ತೀರ್ಪುಗಳು

ಭಾರತದ ಶಿಕ್ಷಣ ಕಾನೂನನ್ನು ಕಟ್ಟಿದ ದೊಡ್ಡ ತೀರ್ಪುಗಳ ತಲೆಬರಹ ನೋಡಿದರೆ ಪದೇ ಪದೇ ಎದುರಾಗುವ ಹೆಸರು ನಮ್ಮ ರಾಜ್ಯದ್ದು. ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಇಲ್ಲಿ ಬೇಗ ಬೆಳೆದವು. ಡೊನೇಷನ್ ಜಗಳವೂ ಬೇಗ ಶುರುವಾಯಿತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆ ಕಾಯ್ದೆಯ ಅಡಿಯಲ್ಲೇ 1989ರಲ್ಲಿ ಒಂದು ಅಧಿಸೂಚನೆ ಬಂತು: ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್‌ನ ವಿದ್ಯಾರ್ಥಿನಿಯೊಬ್ಬರು 60,000 ಕಟ್ಟಲಾಗದೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ನ್ಯಾಯಾಲಯ, ಬದುಕುವ ಹಕ್ಕಿನಿಂದಲೇ ಶಿಕ್ಷಣದ ಹಕ್ಕು ಹುಟ್ಟುತ್ತದೆ ಎಂದು ಹೇಳಿಬಿಟ್ಟಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಅದನ್ನು ಕಿರಿದು ಮಾಡಿ, ಹದಿನಾಲ್ಕು ವರ್ಷದವರೆಗೆ ಮೂಲಭೂತ ಹಕ್ಕು, ಆಮೇಲೆ ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ ಎಂದು ಗೆರೆ ಎಳೆಯಿತು. 2002ರ 86ನೇ ತಿದ್ದುಪಡಿ ಅದನ್ನು 21ಎ ವಿಧಿಯಾಗಿ ಬರೆಯಿತು. ಮೆಡಿಕಲ್ ಸೀಟಿನ ಶುಲ್ಕದಿಂದ ಶುರುವಾದ ವ್ಯಾಜ್ಯ ಒಂದನೇ ತರಗತಿಯ ಮಗುವಿನ ಹಕ್ಕಾಗಿ ಫಲಿಸಿತು.

ಅದೇ 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಇನ್ನೊಂದು ದಿಕ್ಕಿನಲ್ಲಿ ಹೆಜ್ಜೆ ಇಟ್ಟಿತು. ಶಿಕ್ಷಣ ಸಂಸ್ಥೆ ನಡೆಸುವುದು ಒಂದು ವೃತ್ತಿ, ಅದಕ್ಕೆ ಸ್ವಾತಂತ್ರ್ಯ ಇದೆ. ಲಾಭಕೋರತನ ಸಲ್ಲದು, ಆದರೆ ಸಂಸ್ಥೆಯ ಬೆಳವಣಿಗೆಗೆ ತಕ್ಕಷ್ಟು ಮಿಗಿತಾಯ ಇಟ್ಟುಕೊಳ್ಳಬಹುದು ಎಂದಿತು. ಒಂದು ಕಡೆ ಮಗುವಿನ ಹಕ್ಕು, ಇನ್ನೊಂದು ಕಡೆ ಆಡಳಿತ ಮಂಡಳಿಯ ಹಕ್ಕು. ಇವತ್ತು ನಾವು ನೋಡುತ್ತಿರುವ ಶಾಲಾ ವ್ಯವಸ್ಥೆ ಈ ಎರಡರ ನಡುವೆ ಬೆಳೆದದ್ದು.

ಎರಡೂ ನೇರವಾಗಿ ಡಿಕ್ಕಿ ಹೊಡೆದದ್ದು ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಸೆಕ್ಷನ್ನಿನಲ್ಲಿ, ಅಂದರೆ ನಾವೆಲ್ಲ ಆರ್‌ಟಿಇ ಸೀಟು ಎನ್ನುವುದರಲ್ಲಿ. ಖಾಸಗಿ ಅನುದಾನರಹಿತ ಶಾಲೆ ತನ್ನ ಪ್ರವೇಶ ತರಗತಿಯಲ್ಲಿ 25% ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರ್ಕಾರ ಮರುಪಾವತಿ ಮಾಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಮನೆಗೆಲಸದವರ ಮಗುವೂ ಆ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಸಾಧ್ಯತೆ ಕಾಗದದ ಮೇಲಾದರೂ ಹುಟ್ಟಿತು.

ಕರ್ನಾಟಕ ಆ ಬಾಗಿಲನ್ನು ಕಾಯ್ದೆ ಮುಟ್ಟದೆ, ನಿಯಮ ಬದಲಿಸಿ ಕಿರಿದು ಮಾಡಿತು. 2019ರ ಆರಂಭದಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಿಲ್ಲ. ಸರ್ಕಾರಿ ಶಾಲೆ ಇಲ್ಲದ ನೆರೆಹೊರೆ ನಮ್ಮಲ್ಲಿ ಎಷ್ಟಿವೆ? ಸೀಟುಗಳ ಸಂಖ್ಯೆ ಒಂದೇ ವರ್ಷದಲ್ಲಿ ಹಲವು ಪಟ್ಟು ಕುಸಿಯಿತು. ಸರ್ಕಾರದ ವಾದ ಹುರುಳಿಲ್ಲದ್ದಲ್ಲ: ತನ್ನ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿರುವಾಗ ಖಾಸಗಿ ಶಾಲೆಗಳಿಗೆ ಹಣ ಕೊಟ್ಟು ಮಕ್ಕಳನ್ನು ಅಲ್ಲಿಗೆ ಕಳಿಸುವುದು ಏಕೆ? ಹೈಕೋರ್ಟ್ 2019ರ ಮೇ ತಿಂಗಳಲ್ಲಿ ಅದನ್ನು ಒಪ್ಪಿತು. ಐದು ವರ್ಷದ ಬಳಿಕ ಮಹಾರಾಷ್ಟ್ರ ಹೆಚ್ಚುಕಡಿಮೆ ಅಂಥದೇ ನಿಯಮ ಮಾಡಿತು. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಒಂದೇ ಕೇಂದ್ರ ಕಾಯ್ದೆ, ಆದರೂ ನಿಪ್ಪಾಣಿಯ ಮಗುವಿಗೆ ಒಂದು ನ್ಯಾಯ, ಗಡಿ ದಾಟಿ ಕೊಲ್ಹಾಪುರದ ಮಗುವಿಗೆ ಇನ್ನೊಂದು. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರಿ ಶಾಲೆಯನ್ನು ಉಳಿಸಬೇಕು ಎಂಬ ಗುರಿಗೆ ಬಡ ಮಗುವಿನ ಆಯ್ಕೆಯನ್ನು ಮಾತ್ರ ಮುಚ್ಚುವುದು ಸರಿಯಾದ ದಾರಿಯಲ್ಲ. ಶುಲ್ಕ ಕಟ್ಟಬಲ್ಲವರ ಆಯ್ಕೆ ಹಾಗೆಯೇ ತೆರೆದಿದೆಯಲ್ಲ.

ಭಾಷೆ ಯಾರ ಕರ್ತವ್ಯ?

ಮಾಧ್ಯಮದ ಪ್ರಶ್ನೆ ನಮಗೆ ಮನಸ್ಸಿನ ಪ್ರಶ್ನೆಯೂ ಹೌದು. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯ ತನಕ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶಿಸಿತು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುವ ಶಾಲೆಗಳು ಊರೂರಲ್ಲಿ ಹುಟ್ಟಿಕೊಂಡವು. ಇಪ್ಪತ್ತು ವರ್ಷಗಳ ವ್ಯಾಜ್ಯದ ಬಳಿಕ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆದೇಶವನ್ನು ತಳ್ಳಿಹಾಕಿತು. ಮಗುವಿನ ಮಾತೃಭಾಷೆ ಯಾವುದು, ಯಾವ ಮಾಧ್ಯಮದಲ್ಲಿ ಓದಬೇಕು ಎಂದು ನಿರ್ಧರಿಸುವವರು ಪೋಷಕರು, ಸರ್ಕಾರವಲ್ಲ ಎಂದಿತು. ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಕೆ ಸುಲಭ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ, ಆ ತೀರ್ಪಿನಿಂದ ನೋವೂ ಆಯಿತು. ಆದರೂ ಬೇರೆ ದೇಶಗಳ ಕಾನೂನುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಆದೇಶದ ದುರ್ಬಲ ಜಾಗ ಯಾವುದು ಎಂಬುದು ಕಾಣುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯ 1977ರಿಂದ ಫ್ರೆಂಚ್ ಮಾಧ್ಯಮವನ್ನು ಕಡ್ಡಾಯ ಮಾಡಿದೆ. ಅಲ್ಲಿ ಕಾಯಂ ನೆಲೆಸಲು ಹೋದ ಕನ್ನಡಿಗರ ಮಗುವೂ ಸರ್ಕಾರಿ ಹಣದ ಶಾಲೆಗೆ ಹೋಗುವುದಾದರೆ ಫ್ರೆಂಚಿನಲ್ಲೇ ಓದಬೇಕು. ಇಂಗ್ಲಿಷ್ ಶಾಲೆ ಬೇಕೆಂದು ಫ್ರೆಂಚ್ ಮಾತಾಡುವ ಪೋಷಕರೇ ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ಅವರು ಸೋತರು. ಆ ಕಾನೂನು ಉಳಿದದ್ದಕ್ಕೆ ಒಂದು ಮುಖ್ಯ ಕಾರಣ ಅದು ಕಟ್ಟಿಹಾಕಿದ್ದು ಸರ್ಕಾರದ ಹಣವನ್ನು. ಅನುದಾನ ಪಡೆಯದ ಶಾಲೆ ಅದರ ಹೊರಗಿದೆ. ನಮ್ಮ ಆದೇಶ ಅನುದಾನರಹಿತ ಶಾಲೆಗಳನ್ನೂ ಹಿಡಿಯಲು ಹೋಗಿ ಪೋಷಕರ ಸ್ವಾತಂತ್ರ್ಯಕ್ಕೆ ಎದುರಾಯಿತು. ಫಿನ್‌ಲೆಂಡ್‌ನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐವರು. ಎರಡೂ ಭಾಷೆಯವರಿರುವ ಊರಿನಲ್ಲಿ ಎರಡೂ ಭಾಷೆಯ ಶಿಕ್ಷಣ ಒದಗಿಸುವುದು ನಗರಸಭೆಯ ಕರ್ತವ್ಯ. ಅಲ್ಲಿ ಭಾಷೆಯ ಹೊರೆ ಇರುವುದು ಮಗುವಿನ ಮೇಲಲ್ಲ, ಶಾಲೆ ಕೊಡಬೇಕಾದವರ ಮೇಲೆ.

ಭಾಷೆಯ ಕಡ್ಡಾಯ ಕ್ರೌರ್ಯವಾಗುವುದು ಹೇಗೆ ಎಂಬುದಕ್ಕೆ ದಕ್ಷಿಣ ಆಫ್ರಿಕಾ ಸಾಕ್ಷಿ. 1953ರ ಬಂಟು ಶಿಕ್ಷಣ ಕಾಯ್ದೆ ಕಪ್ಪು ಮಕ್ಕಳ ಶಾಲೆಗಳನ್ನು ಮಿಷನರಿಗಳಿಂದ ಕಿತ್ತು ಆಗಿನ ಸಚಿವ ಹೆಂಡ್ರಿಕ್ ವೆರ್ವೂರ್ಡ್ ಅವರ ಇಲಾಖೆಯ ಅಡಿಗೆ ತಂದಿತು. ಕೂಲಿಯಾಳಾಗುವ ಮಗುವಿಗೆ ಗಣಿತವೇಕೆ ಎಂಬ ಧೋರಣೆಯ ಸರ್ಕಾರ ಅದು. ಅನುದಾನ ನಿಲ್ಲುತ್ತಿದ್ದಂತೆ ಅನೇಕ ಮಿಷನ್ ಶಾಲೆಗಳು ಶರಣಾದವು, ಕೆಲವು ಮುಚ್ಚಿದವು. 1974ರಲ್ಲಿ ಅರ್ಧದಷ್ಟು ವಿಷಯಗಳನ್ನು ಆಳುತ್ತಿದ್ದ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಸಬೇಕೆಂಬ ಆದೇಶ ಬಂತು. 1976ರ ಜೂನ್ 16ರಂದು ಜೊಹಾನ್ಸ್‌ಬರ್ಗ್ ಬಳಿಯ ಸೊವೆಟೊದ ಮಕ್ಕಳು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಶಾಲೆಯ ಕಾನೂನು ಒಂದು ಜನಾಂಗವನ್ನು ಕೆಳಗೇ ಇಡಲು ಬರೆಯಲ್ಪಟ್ಟದ್ದೂ ಉಂಟು ಎಂಬುದನ್ನು ನಾವು ಮರೆಯಬಾರದು.

ನಮ್ಮಲ್ಲಿ ಸೋಲಿನ ಮೇಲೆ ಎರಡು ಬೆಳವಣಿಗೆಗಳಾದವು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಮಾಧ್ಯಮದ ಮಾತು ಬಿಟ್ಟು, ಎಲ್ಲ ಶಾಲೆಗಳಲ್ಲೂ ಕನ್ನಡ ಒಂದು ಭಾಷೆಯಾಗಿ ಇರಬೇಕು ಎಂದಿತು. 2019ರಲ್ಲಿ ಸರ್ಕಾರ ತಾನೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಮುಂದಾಯಿತು. ಕಾನೂನು ಎಳೆದ ದಿಕ್ಕಿಗಿಂತ ಪೋಷಕರ ಆಸೆ ಎಳೆದ ದಿಕ್ಕು ಗಟ್ಟಿಯಾಗಿತ್ತು.

ಕಾನೂನಿನ ಕೈ ಎಲ್ಲಿಯ ತನಕ?

ಕಾನೂನಿಗೂ ಒಂದು ಮಿತಿ ಇದೆ ಎಂಬುದನ್ನು ದಕ್ಷಿಣ ಕೊರಿಯಾ ಟ್ಯೂಷನ್ ವಿಷಯದಲ್ಲಿ ಕಲಿಯಿತು. 1980ರಲ್ಲಿ ಅಲ್ಲಿನ ಸೇನಾ ಆಡಳಿತ ಖಾಸಗಿ ಪಾಠವನ್ನು ನಿಷೇಧಿಸಿತು. ಪಾಠ ಗುಟ್ಟಾಗಿ ನಡೆಯಿತು, ಗುಟ್ಟಿನ ಪಾಠಕ್ಕೆ ಬೆಲೆ ಏರಿತು. 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಮಗುವಿಗೆ ಶಿಕ್ಷಣ ಕೊಡಿಸುವ ಪೋಷಕರ ಹಕ್ಕನ್ನು ಇದು ಮಿತಿಮೀರಿ ಕಸಿಯುತ್ತದೆ ಎಂದು ನಿಷೇಧವನ್ನು ಕೈಬಿಡಿಸಿತು. ಆಮೇಲೆ ಸೋಲ್ ನಗರ ರಾತ್ರಿ ಹತ್ತರ ನಂತರ ಟ್ಯೂಷನ್ ಕೇಂದ್ರ ತೆರೆದಿರಬಾರದು ಎಂಬ ಸಣ್ಣ ನಿಯಮಕ್ಕೆ ಬಂದು ನಿಂತಿತು. ಒಂದೇ ಪರೀಕ್ಷೆ ಬದುಕನ್ನು ತೀರ್ಮಾನಿಸುವ ತನಕ ಟ್ಯೂಷನ್ನನ್ನು ಯಾವ ಕಾಯ್ದೆಯೂ ಮುಗಿಸಲಾರದು. ಫಿನ್‌ಲೆಂಡ್‌ನ ಅಂಕಗಳೂ 2006ರ ನಂತರ, ದೇಶ ದೇಶಗಳ ಹದಿನೈದು ವರ್ಷದ ಮಕ್ಕಳನ್ನು ಹೋಲಿಸುವ ಪಿಸಾ ಪರೀಕ್ಷೆಗಳಲ್ಲಿ ಇಳಿಯುತ್ತ ಬಂದಿವೆ. ಕಾನೂನು ಅದೇ ಇತ್ತು, ಮಕ್ಕಳೂ ಕಾಲವೂ ಬದಲಾದವು.

ಇಷ್ಟಾದರೂ ಗೆರೆ ಎಲ್ಲಿ ಎಳೆಯಬೇಕು ಎಂಬುದು ಕಾನೂನಿನ ಕೈಯಲ್ಲೇ ಇದೆ. ಫ್ರಾನ್ಸ್ 2019ರಲ್ಲಿ ಕಡ್ಡಾಯ ಶಿಕ್ಷಣದ ಆರಂಭವನ್ನು ಮೂರನೇ ವಯಸ್ಸಿಗೆ ಇಳಿಸಿತು. ಫಿನ್‌ಲೆಂಡ್ 2021ರಲ್ಲಿ ಅದರ ಕೊನೆಯನ್ನು ಹದಿನೆಂಟಕ್ಕೆ ಏರಿಸಿ, ಅಲ್ಲಿಯ ತನಕದ ಪುಸ್ತಕ, ಸಾಮಗ್ರಿಗಳನ್ನೂ ಉಚಿತ ಮಾಡಿತು. ನಮ್ಮ 2020ರ ಶಿಕ್ಷಣ ನೀತಿ ಮೂರರಿಂದ ಹದಿನೆಂಟು ಎಂದು ಮಾತಾಡುತ್ತದೆ, ಕಾಯ್ದೆ ಮಾತ್ರ ಆರರಿಂದ ಹದಿನಾಲ್ಕಕ್ಕೇ ನಿಂತಿದೆ. ಅಂಗನವಾಡಿಯ ಮಗುವಿಗೆ ಆ ಹಕ್ಕು ಇನ್ನೂ ತಲುಪಿಲ್ಲ. ಆರ್‌ಟಿಇ ಸೀಟಿನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಎಂಟನೆಯದು ಮುಗಿಸಿದ ಬೇಸಿಗೆಯಲ್ಲಿ ಸರ್ಕಾರದ ಮರುಪಾವತಿ ನಿಲ್ಲುತ್ತದೆ. ಅದೇ ಶಾಲೆಯಲ್ಲಿ ಒಂಬತ್ತಕ್ಕೆ ಮುಂದುವರಿಯಬೇಕಾದರೆ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಟಿಸಿ ತೆಗೆದುಕೊಂಡು ಬೇರೆ ಶಾಲೆ, ಎಷ್ಟೋ ಸಲ ಬೇರೆ ಮಾಧ್ಯಮವನ್ನೂ ಹುಡುಕಬೇಕು. ಎಸ್ಸೆಸ್ಸೆಲ್ಸಿಗೆ ಇನ್ನೆರಡೇ ವರ್ಷ ಇರುವಾಗ. ಹತ್ತನೇ ತರಗತಿಯ ತನಕವಾದರೂ ವಿಸ್ತರಿಸಿ ಎಂದು ಪೋಷಕರು ಕೇಳುತ್ತಲೇ ಬಂದಿದ್ದಾರೆ. ಹಕ್ಕನ್ನು ಹದಿನಾಲ್ಕರಾಚೆಗೆ ಒಯ್ಯಲು ಸಂಸತ್ತು ತಿದ್ದುಪಡಿ ಮಾಡಬೇಕು. ಅದಕ್ಕೆ ಕಾಯದೆ, ತನ್ನ ರಾಜ್ಯದ ಆರ್‌ಟಿಇ ಮಕ್ಕಳ ಒಂಬತ್ತು ಮತ್ತು ಹತ್ತನೇ ತರಗತಿಯ ಶುಲ್ಕವನ್ನು ತಾನೇ ಭರಿಸುತ್ತೇನೆ ಎಂದು ಕರ್ನಾಟಕ ಸರ್ಕಾರ ಹೇಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.